ಕೆಂಪು ಗುಂಡಿ ಮತ್ತು ಓರೆ ದಾರಿ

ಮಳೆ ನಿಂತು ಎರಡು ದಿನವಾಗಿದ್ದರೂ ಬೆಟ್ಟದ ದಾರಿಯ ಕೆಸರು ಕಮ್ಮಿಯಾಗಿರಲಿಲ್ಲ. ನೆತ್ತಿಯವರೆಗೆ 14 ಕಿಲೋಮೀಟರ್. ನಾವು ಐದು ಜನ, ಮೂರು ಗಾಡಿ, ಮೂರೂ ಫೋರ್ ಬೈ ಫೋರ್, ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಹೋಗುವಂಥವು. ನನ್ನದು ಹಳೇ ಜೀಪು, ಹಿಂದೆ ಮುಂದೆ ಎರಡೂ ಕಡೆ ಸಾದಾ ಡಿಫರೆನ್ಶಿಯಲ್, ಅಂದರೆ ಬಲವನ್ನು ಎಡಬಲ ಚಕ್ರಗಳಿಗೆ ಹಂಚುವ ಗೇರುಗಳ ಜೋಡಣೆ. ಗೆಳೆಯನ ಗಾಡಿಗೆ ಹಿಂದಿನ ಆಕ್ಸಲ್‌ನಲ್ಲಿ ಕ್ಲಚ್ ಪ್ಲೇಟಿನ ಲಿಮಿಟೆಡ್ ಸ್ಲಿಪ್, ಒಂದು ಚಕ್ರ ಜಾರುವುದಕ್ಕೆ ಮಿತಿ ಹಾಕುವ ಡಿಫರೆನ್ಶಿಯಲ್. ಅಣ್ಣನ ಗಾಡಿಗೆ ಹಿಂದೆ ಎರಡು ಚಕ್ರವನ್ನೂ ಒಟ್ಟಿಗೆ ಕಟ್ಟಿಹಾಕುವ ಲಾಕರ್, ಡ್ಯಾಶ್‌ಬೋರ್ಡಿನಲ್ಲಿ ಅದಕ್ಕೊಂದು ಕೆಂಪು ಗುಂಡಿ.

ಮೊದಲು ಸಿಕ್ಕಿಬಿದ್ದವನು ನಾನೇ. ದಾರಿಗೆ ಅಡ್ಡಡ್ಡವಾಗಿ ನೀರು ಕೊರೆದ ಕಂದಕ. ಓರೆಯಾಗಿ ಇಳಿಸಿದೆ. ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ ಎರಡೂ ನೆಲ ಬಿಟ್ಟವು. ಫೋರ್ ವೀಲ್ ಹಾಕಿ, ವೇಗ ಕಮ್ಮಿ ಮಾಡಿ ಬಲ ಹೆಚ್ಚಿಸುವ ಲೋ ರೇಂಜ್‌ಗೆ ಇಳಿಸಿ ಆಕ್ಸಿಲರೇಟರ್ ಒತ್ತಿದರೆ ಗಾಳಿಯಲ್ಲಿದ್ದ ಎರಡು ಚಕ್ರ ಭರ್ರೆಂದು ತಿರುಗಿದವು. ನೆಲದ ಮೇಲಿದ್ದ ಎರಡು ಕಲ್ಲುಬಸವನ ಹಾಗೆ ಕೂತಿದ್ದವು.

ಜಾರುವ ಚಕ್ರವೇ ಇಂಜಿನ್ನಿನ ಬಲವನ್ನೆಲ್ಲ ನುಂಗಿಬಿಡುತ್ತದೆ ಎಂದು ಸುಮಾರು ಜನ ಹೇಳುತ್ತಾರೆ. ಅದು ಪೂರ್ತಿ ನಿಜವಲ್ಲ. ಸಾದಾ ಡಿಫರೆನ್ಶಿಯಲ್ ಎರಡು ಚಕ್ರಕ್ಕೂ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಸಮಪಾಲು ಮಾಡುತ್ತದೆ, ತೊಂದರೆ ಇರುವುದೇ ಆ ಸಮಪಾಲಿನಲ್ಲಿ. ಕೆಸರಿನ ಚಕ್ರ ಟಾರ್ಕಿನ ಲೆಕ್ಕದಲ್ಲಿ 100 ನ್ಯೂಟನ್ ಮೀಟರ್‌ಗೇ ಜಾರಿತು ಅನ್ನಿ, ಬಂಡೆಯ ಮೇಲೆ ನಿಂತ ಚಕ್ರಕ್ಕೂ ಸಿಗುವುದು ಅದೇ 100. ಗಾಳಿಯಲ್ಲಿರುವ ಚಕ್ರಕ್ಕೆ ಹೆಚ್ಚುಕಮ್ಮಿ ಸೊನ್ನೆ, ಹಾಗಾಗಿ ಅದರ ಜೋಡಿಗೂ ಸೊನ್ನೆ. ಹಾಗೆಂದು ಡಿಫರೆನ್ಶಿಯಲ್ ಬೇಡ ಎನ್ನುವ ಹಾಗಿಲ್ಲ. ಎರಡು ಚಕ್ರಗಳ ನಡುವೆ 1.5 ಮೀಟರ್ ಅಂತರವಿದ್ದರೆ, ಒಂದು ಯೂ ಟರ್ನ್ ಮುಗಿಯುವಷ್ಟರಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 4.7 ಮೀಟರ್ ಹೆಚ್ಚು ಓಡಿರುತ್ತದೆ. ಆ ವ್ಯತ್ಯಾಸಕ್ಕೆ ಎಡೆ ಕೊಡುವುದು ಅದರ ಕೆಲಸ.

"ಹ್ಯಾಂಡ್ ಬ್ರೇಕ್ ಎರಡು ಕಟ್ ಎಳಿ, ಆಮೇಲೆ ನಿಧಾನಕ್ಕೆ ಒತ್ತು" ಎಂದ ಅಣ್ಣ. ನನ್ನ ಜೀಪಿನ ಹ್ಯಾಂಡ್ ಬ್ರೇಕ್ ಹಿಂದಿನ ಎರಡು ಚಕ್ರ ಹಿಡಿಯುವಂಥದ್ದು. ತೇಲುತ್ತಿದ್ದ ಚಕ್ರಕ್ಕೆ ತಡೆ ಸಿಕ್ಕಿತು, ಅಷ್ಟೇ ಬಲ ಜೋಡಿಗೂ ಹೋಯಿತು. ಜೀಪು ಒಮ್ಮೆ ಮುಲುಗಿ ಮೇಲೆ ಬಂತು. ಹೊಸ ಗಾಡಿಗಳಲ್ಲಿ ಕಂಪ್ಯೂಟರ್ ಮಾಡುವುದೂ ಇದನ್ನೇ, ಜಾರುವ ಚಕ್ರವೊಂದಕ್ಕೇ ಬ್ರೇಕ್ ಹಾಕುತ್ತದೆ.

ಗೆಳೆಯನ ಗಾಡಿ ಕೆಸರಿನಲ್ಲಿ ಚೆನ್ನಾಗಿ ಓಡಿತು. ಒಂದು ಚಕ್ರ ಜಾರಲು ಶುರುವಾದ ಕೂಡಲೇ ಒಳಗಿನ ಪ್ಲೇಟುಗಳು ಒತ್ತಿಕೊಂಡು, ಇನ್ನೊಂದಕ್ಕೆ ಹೆಚ್ಚಿನ ಪಾಲು ದಾಟಿಸುತ್ತವೆ. ಆದರೆ ಕಿರಿದಾದ ತಿರುವು ಬಂದಾಗಲೆಲ್ಲ ಹಿಂದಿನಿಂದ ಗರಗರ ಸದ್ದು. ಹಿಂದಿನ ವಾರ ಯಾರೋ ಮಾಮೂಲಿ ಗೇರ್ ಆಯಿಲ್ ತುಂಬಿದ್ದರಂತೆ. ಆ ಪ್ಲೇಟುಗಳಿಗೆ ಬೇರೆ ಅಡಿಟಿವ್ ಬೆರೆಸಿದ ಆಯಿಲ್ ಬೇಕು, ಇಲ್ಲದಿದ್ದರೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಅದುರುತ್ತವೆ. ದಾರಿಯುದ್ದಕ್ಕೂ ಅವನ ಮುಖ ಗಂಟಾಗಿತ್ತು. ಟಾರ್ಸೆನ್ ಥರದ, ಗೇರುಗಳಿಂದಲೇ ಕೆಲಸ ಮಾಡುವ ಲಿಮಿಟೆಡ್ ಸ್ಲಿಪ್‌ಗೆ ಈ ರಗಳೆ ಇಲ್ಲ. ಅದರ ರಗಳೆ ಇನ್ನೊಂದು. ಜಾರುವ ಚಕ್ರದ ಹಿಡಿತದ ಮೂರು ಪಟ್ಟು ಟಾರ್ಕನ್ನು ಜೋಡಿಗೆ ಕೊಡುತ್ತದೆ ಎಂದುಕೊಳ್ಳಿ, ಚಕ್ರ ಗಾಳಿಯಲ್ಲಿದ್ದಾಗ ಸೊನ್ನೆಯ ಮೂರು ಪಟ್ಟೂ ಸೊನ್ನೆಯೇ.

ಒಂಬತ್ತನೇ ಕಿಲೋಮೀಟರಿನ ಬಂಡೆ ಏರು ಅಣ್ಣನದು. ಗುಂಡಿ ಒತ್ತಿದ, ಲಾಕ್ ಕೂತಿತು. ಹಿಂದಿನ ಎರಡೂ ಚಕ್ರ ಒಂದೇ ಸಲಾಕೆಗೆ ಬೆಸುಗೆ ಹಾಕಿದಂತೆ ತಿರುಗತೊಡಗಿದವು. ಒಂದು ಚಕ್ರ ಒಂದು ಗೇಣು ಮೇಲೆ ತೇಲುತ್ತಿತ್ತು, ಗಾಡಿಗೆ ಅದರ ಪರಿವೆಯೇ ಇರಲಿಲ್ಲ. ಹಿಡಿತವಿದ್ದ ಇನ್ನೊಂದೇ ಅದನ್ನು ಹಲ್ಲಿಯ ಹಾಗೆ ಮೇಲೆ ಹತ್ತಿಸಿತು. ನಾವು ಕೆಳಗೆ ಹೊಟ್ಟೆಕಿಚ್ಚಿನಿಂದ ನೋಡಿದೆವು.

ಏರು ಮುಗಿದಲ್ಲೇ ದಾರಿ ಬೆಟ್ಟದ ಮೈಗೆ ಓರೆಯಾಗಿ ತಿರುಗುತ್ತದೆ. ಬಲಕ್ಕೆ ಇಳಿಜಾರು, ನೆಲ ನುಣ್ಣನೆ ಜೇಡಿ. ಅಣ್ಣ ಲಾಕ್ ತೆಗೆಯಲಿಲ್ಲ. ಇಪ್ಪತ್ತು ಅಡಿ ಹೋಗಿರಬಹುದು, ಗಾಡಿಯ ಹಿಂಭಾಗ ಸದ್ದೇ ಇಲ್ಲದೆ ಬಲಕ್ಕೆ ಸರಿಯಿತು. ಮೊದಲು ಒಂದು ಮೊಳ, ಆಮೇಲೆ ಇನ್ನೊಂದು. ತಿರುಗುತ್ತಲೇ ಜಾರುವ ಟೈರಿಗೆ ಅಡ್ಡ ಹಿಡಿತ ಹೆಚ್ಚೇನೂ ಉಳಿಯುವುದಿಲ್ಲ. ಸಾದಾ ಡಿಫರೆನ್ಶಿಯಲ್‌ನಲ್ಲಿ ಜಾರುವುದು ಸಾಮಾನ್ಯವಾಗಿ ಒಂದೇ ಚಕ್ರ, ಸುಮ್ಮನಿರುವ ಇನ್ನೊಂದು ಗೂಟದ ಹಾಗೆ ಗಾಡಿಯನ್ನು ತಡೆದಿರುತ್ತದೆ. ಲಾಕ್ ಇದ್ದರೆ ಎರಡೂ ಒಟ್ಟಿಗೇ ಜಾರುತ್ತವೆ, ಗೂಟ ಕಿತ್ತ ಹಾಗೆ. ನನ್ನ ಜೀಪಿನ ಯಾವುದನ್ನು ಅರ್ಧ ದಿನ ಬೈದಿದ್ದೆನೋ ಅದರ ಬೆಲೆ ಅಲ್ಲಿ ತಿಳಿಯಿತು.

"ಅಣ್ಣಾ, ಕಾಲು ತೆಗಿ! ಲಾಕ್ ತೆಗಿ!" ಎಂದು ಕೂಗಿದೆ. ಗುಂಡಿ ಒತ್ತಿದರೂ ದೀಪ ಆರಲಿಲ್ಲ. ಲಾಕರಿನ ಒಳಗೆ ಕಚ್ಚಿಕೊಂಡ ಹಲ್ಲುಗಳ ಮೇಲೆ ಬಿಗಿತ ಇರುವ ತನಕ ಲಾಕ್ ಬಿಡುವುದಿಲ್ಲ. ಅವನು ಕಾಲು ಸಡಿಲಿಸಿ ಗಾಡಿಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಬಿಟ್ಟ. ಟಕ್ ಎಂದಿತು. ದೀಪ ಆರಿತು. ಆಮೇಲೆ ಮೇಲ್ಬದಿಯ ಚಕ್ರವೊಂದೇ ಜಾರುತ್ತಾ, ಕೆಳಬದಿಯದು ನೆಲ ಕಚ್ಚಿ ಉರುಳುತ್ತಾ, ಗಾಡಿ ಆ ತುಂಡನ್ನು ಎರಡು ನಿಮಿಷದಲ್ಲಿ ದಾಟಿತು.

ನೆತ್ತಿಯ ಮೇಲೆ ಮಂಜು, ಏನೂ ಕಾಣಲಿಲ್ಲ. ಅರ್ಧ ಗಂಟೆ ಕೂತು ಇಳಿದೆವು. ಅದೇ ಓರೆ ದಾರಿ ಬಂದಾಗ ಅಣ್ಣ ಗಾಡಿ ಪಕ್ಕಕ್ಕೆ ಹಾಕಿ ಕಿಟಕಿ ಇಳಿಸಿದ. "ನೀನೇ ಮುಂದೆ ಹೋಗೋ" ಎಂದ.