ಇದರಾಗ ಪದರು ಎಲ್ಲಿ ಅವ?

"ತಮ್ಮಾ, ಇದರಾಗ ಪದರು ಎಲ್ಲಿ ಅವ?"

ಈ ವಾರ ಕಲಬುರಗಿ ಜಿಲ್ಲೆಯ ಶಹಾಬಾದದಲ್ಲಿ ಕೇಳಿದ ಈ ಮಾತು ತಲೆಯಿಂದ ಇಳಿಯುತ್ತಿಲ್ಲ. ಕೇಳಿದವರು ಜೀವಮಾನವಿಡೀ ಪರಸಿ, ಅಂದರೆ ನೆಲಕ್ಕೆ ಹಾಸುವ ಚಪ್ಪಡಿ ಕಲ್ಲಿನ ಖಣಿಯಲ್ಲಿ ಹಾರೆ ಹಿಡಿದ ಕಾಕಾ. ಮೊಬೈಲಿನಲ್ಲಿ ಅವರು ನೋಡುತ್ತಿದ್ದದ್ದು ಥಾಯ್ಲೆಂಡಿನ ಕ್ರಾಬಿ ಮತ್ತು ಫಾಂಗ್ ನ್ಗಾ ಕೊಲ್ಲಿಯ ಫೋಟೋಗಳು. ಹಸಿರು ನೀರಿನಿಂದ ನೆಟ್ಟಗೆ ಎದ್ದು ನಿಂತ ಸುಣ್ಣದ ಕಲ್ಲಿನ ಗುಡ್ಡಗಳು. "ಮುತ್ಯಾ, ಅದು ಟೂರಿಸ್ಟ್ ಜಾಗಾ, ಖಣಿ ಅಲ್ಲ" ಅಂತ ಮೊಮ್ಮಗ ನಕ್ಕ. ನಗುವಂಥ ಪ್ರಶ್ನೆ ಅದಲ್ಲ. ಬ್ಯಾಂಕಾಕಿನಲ್ಲಿ ಕೆಲಸಕ್ಕಿರುವ ನಮ್ಮಂಥವರು ರಜೆ ಸಿಕ್ಕರೆ ಆ ದ್ವೀಪಗಳ ಕಡೆ ಹೋಗುವುದು ಮಾಮೂಲು. ದೋಣಿ ತುಂಬ ಜನ ಇರುತ್ತಾರೆ, ಕಲ್ಲನ್ನು ಕಲ್ಲಾಗಿ ನೋಡುವವರು ಮಾತ್ರ ಸಿಗುವುದಿಲ್ಲ.

ಎರಡೂ ಕಡೆ ಕಲ್ಲಿನ ಜಾತಿ ಒಂದೇ, ಕ್ಯಾಲ್ಸಿಯಂ ಕಾರ್ಬೊನೇಟ್. ಶಹಾಬಾದ, ವಾಡಿ, ಸೇಡಂ ಕಡೆಯ ಕಲ್ಲು ಅಲುಗಾಡದ ನೀರಿನಡಿ ಸಣ್ಣ ಸುಣ್ಣದ ಕೆಸರು ಕೂತು ಕೂತು ಆದದ್ದು. ನಡುನಡುವೆ ತೆಳು ಜೇಡಿ ಇರುವುದರಿಂದ ರೊಟ್ಟಿ ಪೇರಿಸಿಟ್ಟ ಹಾಗೆ ಪದರು ಬಿಡಿಸಿಕೊಳ್ಳುತ್ತದೆ. ಮೇಲಿನ ಕರಿಮಣ್ಣು ತೆಗೆದು, ನಿಲುವು ಬಿರುಕು ಹುಡುಕಿ, ಪದರಿನ ಸಂದಿಗೆ ಹಾರೆ ಕೊಟ್ಟು, ಅಂಚಿನುದ್ದಕ್ಕೂ ಸ್ವಲ್ಪಸ್ವಲ್ಪ ಎತ್ತುತ್ತ ಹೋಗಬೇಕು. ಒಂದೇ ಕಡೆ ಜೋರು ಮಾಡಿದರೆ ಚಪ್ಪಡಿ ಅಡ್ಡಕ್ಕೆ ಮುರಿಯುತ್ತದೆ. ಬಿರುಕುಗಳು ದೂರ ದೂರ ಇದ್ದರೆ ದೊಡ್ಡ ಕಲ್ಲು, ಹತ್ತಿರ ಇದ್ದರೆ ತುಂಡು. ಕಾಕಾ ಕಲ್ಲು ನೋಡಿದರೆ ಮೊದಲು ಹುಡುಕುವುದೇ ಇದನ್ನು.

ಕ್ರಾಬಿಯ ಕಲ್ಲು ಬೇರೆ ಥರ ಹುಟ್ಟಿದ್ದು. ಪರ್ಮಿಯನ್ ಯುಗದ್ದು, 25 ಕೋಟಿ ವರ್ಷಕ್ಕೂ ಹಳೆಯದು. ಹವಳ, ಚಿಪ್ಪು, ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳ ಕವಚ, ಎಲ್ಲ ಸೇರಿ ಗಟ್ಟಿಯಾದದ್ದು. ಪದರು ಇಲ್ಲವೆಂದಲ್ಲ, ಬಹಳ ದಪ್ಪ. ಹಾಗಾಗಿ ನೀರಿಗೆ ಅಡ್ಡ ದಾರಿಗಿಂತ ನಿಲುವು ಬಿರುಕೇ ಸಲೀಸು. ನಮ್ಮ ಮನೆಯ ಪರಸಿ ಮೇಲೆ ಹುಣಸೆ ನೀರು ಬಿದ್ದರೆ ಹೊಳಪು ಹೋಗಿ ಕಲೆ ಕೂರುತ್ತದಲ್ಲ, ಅಲ್ಲಿ ಗುಡ್ಡ ಕಡಿದದ್ದೂ ಹುಳಿಯೇ. ಮಳೆನೀರು ಬೇರಿನ ಸುತ್ತಲ ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಆಮ್ಲವಾಗುತ್ತದೆ, ಬಿರುಕಿಗಿಳಿದು ಕಲ್ಲು ಕರಗಿಸುತ್ತದೆ. ಕಲಬುರಗಿಗೆ ವರ್ಷಕ್ಕೆ 800 ಮಿಲಿಮೀಟರ್ ಒಳಗೆ ಮಳೆ, ಕ್ರಾಬಿಗೆ 2000 ದಾಟುತ್ತದೆ. ಬಿರುಕು ಕಣಿವೆಯಾಯಿತು, ಉಳಿದದ್ದು ಕಂಬವಾಯಿತು. ಹಿಮಯುಗ ಮುಗಿದು ಕಡಲು ಏರಿದಾಗ ನಡುವಿನ ಬಯಲು ಮುಳುಗಿತು, ಕಂಬಗಳು ದ್ವೀಪಗಳಾದವು.

ಹತ್ತಿರ ಹೋದರೆ ನೀರಿನ ಮಟ್ಟಕ್ಕೆ ಗುಡ್ಡದ ಸುತ್ತಲೂ ಒಂದು ಕಚ್ಚು ಕಾಣುತ್ತದೆ, ಯಾರೋ ಅಳತೆ ಹಿಡಿದು ಒಳಕ್ಕೆ ಕೊರೆದ ಹಾಗೆ. ಅಲೆಗಿಂತ ಹೆಚ್ಚಾಗಿ ಅಲ್ಲಿ ಕಲ್ಲಿಗಂಟಿ ಬದುಕುವ ಬಸವನಹುಳದ ಜಾತಿಯ ಜೀವಿಗಳು ಪಾಚಿ ಕೆರೆದು ತಿನ್ನುತ್ತ ಕಲ್ಲನ್ನೂ ಕೆರೆಯುತ್ತವೆ. ಅದರ ಮೇಲೆ ಬಯಲಲ್ಲೇ ಸುಣ್ಣದ ತೊಂಗಲು ಇಳಿಬಿದ್ದಿರುತ್ತವೆ. ಈ ಫೋಟೋ ನೋಡಿ ಕಾಕಾ ಎರಡನೆಯದು ಕೇಳಿದರು: "ಬುಡ ಹಿಂಗ ತಿಂದದಂದ್ರ ಮ್ಯಾಲಿಂದು ಬೀಳಂಗಿಲ್ಲೇನು?"

ಬೀಳುತ್ತದೆ. ಫಾಂಗ್ ನ್ಗಾದ ಹೆಸರುವಾಸಿ ಕಂಬ ಕೊ ಟಾಪು ಸುಮಾರು 20 ಮೀಟರ್ ಎತ್ತರ, ಬುಡದಲ್ಲಿ 4 ಮೀಟರ್, ತಲೆಯಲ್ಲಿ 8. ಹತ್ತಿರಕ್ಕೆ ದೋಣಿ ಒಯ್ಯುವುದನ್ನು 1998ರಿಂದ ನಿಷೇಧಿಸಿದ್ದಾರೆ. ಖಣಿಯಲ್ಲಿ ತಲೆ ಮೇಲೆ ಕಲ್ಲು ಬಿಟ್ಟು ಬುಡ ತೆಗೆಯಬಾರದು ಅಂತ ಕಾಕಾ ಎಷ್ಟು ಹುಡುಗರಿಗೆ ಬೈದಿದ್ದಾರೋ. ಒಂದು ಫೋಟೋದಲ್ಲೇ ಅವರಿಗೆ ಅದು ಕಂಡಿತು. ಓದಿಕೊಂಡ ನಾವು ಅಂಥದೇ ಬೇರೆ ಗುಡ್ಡಗಳ ಕೆಳಗೆ ನೆರಳಿದೆ ಅಂತ ದೋಣಿ ನಿಲ್ಲಿಸಿ ಊಟದ ಡಬ್ಬಿ ಬಿಚ್ಚುವವರನ್ನು ನೋಡುತ್ತೇವೆ. ಸಿಟ್ಟು ಬರುತ್ತದೆ.

ಹೋಗುವವರು ಪಂಚಾಂಗ ನೋಡಿಕೊಂಡು ಹೋಗಬೇಕು. ನವೆಂಬರಿನಿಂದ ಏಪ್ರಿಲ್‌ವರೆಗೆ ಕಡಲು ಶಾಂತ. ಅಮಾವಾಸ್ಯೆ, ಹುಣ್ಣಿಮೆ ಆದ ಒಂದೆರಡು ದಿನಕ್ಕೆ ಉಬ್ಬರವಿಳಿತದ ಅಂತರ ಎರಡು ಮೀಟರಿಗೂ ಹೆಚ್ಚು, ಅಷ್ಟಮಿಯ ಆಚೀಚೆ ಬಹಳ ಕಡಿಮೆ. ಕ್ರಾಬಿಯ ತಲೇ ವೇಕ್ ಮರಳು ದಂಡೆಯ ಮೇಲೆ ದ್ವೀಪದಿಂದ ದ್ವೀಪಕ್ಕೆ ನಡೆಯಬೇಕೆಂದರೆ ಅಮಾವಾಸ್ಯೆ-ಹುಣ್ಣಿಮೆಯ ಇಳಿತವೇ ಬೇಕು. ಗುಡ್ಡದ ಹೊಟ್ಟೆಯಲ್ಲಿ ಆಕಾಶಕ್ಕೆ ತೆರೆದ ಕೊಳಗಳಿವೆ, ಹೋಂಗ್ ಅನ್ನುತ್ತಾರೆ. ಅದಕ್ಕೆ ಹೋಗುವ ಸುರಂಗ ಉಬ್ಬರ ಏರಿದರೆ ಛಾವಣಿಯವರೆಗೆ ತುಂಬುತ್ತದೆ, ಪೂರ್ತಿ ಇಳಿದರೆ ಕೆಲವೆಡೆ ಬರೀ ಕೆಸರು. ನಡುವಿನ ಹೊತ್ತಿನಲ್ಲಿ ಕಯಾಕ್ ಎಂಬ ಪುಟ್ಟ ದೋಣಿಯಲ್ಲಿ ಅಂಗಾತ ಮಲಗಿ ದಾಟಬೇಕು. ಕೈ ಹೊರಗೆ ಚಾಚಬಾರದು, ಗೋಡೆಗಂಟಿದ ಸಿಂಪಿ ಕುಯ್ಯುತ್ತದೆ. ದಾರಿ ತೋರಿಸುವವನು ಹೊರಡಿ ಅಂದ ಕೂಡಲೇ ಹೊರಡಬೇಕು, ಇನ್ನೊಂದು ಫೋಟೋ ಅಂತ ತಡಮಾಡಿದರೆ ನೀರು ಇಳಿಯುವವರೆಗೆ ಒಳಗೇ ಕೂರಬೇಕಾದೀತು. ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುತ್ತದೆ. ಅದಕ್ಕೇ ಒಂದೇ ದಿನದಲ್ಲಿ ನಾಲ್ಕು ದ್ವೀಪ ಮುಗಿಸುವ ಪ್ಯಾಕೇಜು ಬೇಡ. ಗಡಿಯಾರ ಪ್ಯಾಕೇಜಿನವರದು, ನೀರು ಅದಕ್ಕೆ ಕಾಯುವುದಿಲ್ಲ.

ಫಿ ಫಿ ಲೇ ದ್ವೀಪದ ಮಾಯಾ ಬೇ ಕೊಲ್ಲಿಗೆ ಈಗ ಮುಂದಿನಿಂದ ದೋಣಿ ಬಿಡುವುದಿಲ್ಲ. ಹವಳ ಹಾಳಾಗಿ 2018ರಲ್ಲಿ ಮುಚ್ಚಿ 2022ರಲ್ಲಿ ತೆರೆದರು. ಹಿಂಬದಿಯ ಲೋ ಸಮಾದಲ್ಲಿ ಇಳಿದು ನಡೆದು ಹೋಗಬೇಕು. ರಾಷ್ಟ್ರೀಯ ಉದ್ಯಾನಗಳಲ್ಲಿ ಹವಳಕ್ಕೆ ಕೆಡುಕು ಮಾಡುವ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ರಾಸಾಯನಿಕ ಇರುವ ಸನ್‌ಸ್ಕ್ರೀನ್ 2021ರಿಂದ ನಿಷಿದ್ಧ, ದಂಡ 1 ಲಕ್ಷ ಬಾತ್‌ವರೆಗೆ. ತುಂಬುತೋಳಿನ ಅಂಗಿ ಸಾಕು. ಕಾಲಿಗೆ ದಪ್ಪ ಅಟ್ಟೆಯ ಚಪ್ಪಲಿ ಇರಲಿ, ಮಳೆ ಕೊರೆದ ಸುಣ್ಣದ ಕಲ್ಲಿನ ಅಂಚು ಉಳಿಯಷ್ಟೇ ಚೂಪು.

ಮೊಮ್ಮಗ ಡಿಸೆಂಬರಿನಲ್ಲಿ ಹೋಗಬೇಕೆಂದಿದ್ದಾನೆ. ಅಲ್ಲಿ ಒಡೆದು ಬಿದ್ದ ಬಂಡೆ ಕಂಡರೆ ಒಡೆದ ಮುಖದ ಫೋಟೋ ಬೆಳಕು ಓರೆಯಾಗಿ ಬೀಳುವಾಗ ತೆಗೆದು ಕಳಿಸು ಅಂತ ಕಾಕಾ ಹೇಳಿದ್ದಾರೆ. ಪದರಿನ ಗೆರೆ ಇದ್ದರೆ ಓರೆ ಬೆಳಕಿನಲ್ಲಿ ಕಾಣಲೇಬೇಕು ಅನ್ನುವುದು ಅವರ ವಾದ.