ಏಳನೆಯ ಅಡಿಕೆ ಮರ

"ಇದು ಗಣಿತದ ಪೀರಿಯಡ್ ಅಲ್ಲ, ಕೂತುಕೋ" ಎಂದು ಹತ್ತನೇ ತರಗತಿಯ ಹುಡುಗಿಯೊಬ್ಬಳನ್ನು ಗದರಿದ್ದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ತೀರ್ಥಹಳ್ಳಿ ಕಡೆಯ ಪ್ರೌಢಶಾಲೆಯಲ್ಲಿ ನಾನು ಡ್ರಾಯಿಂಗ್ ಮೇಷ್ಟರು. ಅಂದು ಪರ್ಸ್‌ಪೆಕ್ಟಿವ್ ಪಾಠ, ಅಂದರೆ ದೂರದ್ದು ಚಿಕ್ಕದಾಗಿ ಕಾಣುವಂತೆ ಬರೆಯುವುದು. ತನಿಖೆಗೆ ಬಂದ ಅಧಿಕಾರಿಗಳು ಹಿಂದಿನ ಬೆಂಚಿನಲ್ಲಿದ್ದರು. ತೋಟದ ಮನೆಯ ಮಕ್ಕಳಿಗೆ ಪುಸ್ತಕದ ರೈಲು ಹಳಿಯ ಉದಾಹರಣೆ ಏಕೆಂದು ಅಡಿಕೆ ಸಾಲನ್ನೇ ಬೋರ್ಡಿಗೆ ತಂದೆ. ಮೊದಲ ಮರ 60 ಸೆಂ.ಮೀ. ತುದಿಯಿಂದಲೂ ಬುಡದಿಂದಲೂ ವ್ಯಾನಿಷಿಂಗ್ ಪಾಯಿಂಟಿಗೆ, ಅಂದರೆ ಸಾಲು ದೂರದಲ್ಲಿ ಕೂಡಿ ಮಾಯವಾಗುವ ಬಿಂದುವಿಗೆ, ಗೆರೆ ಎಳೆದು, ನಡುವೆ ಸಮ ಅಂತರದಲ್ಲಿ ಮರಗಳನ್ನು ನಿಲ್ಲಿಸುತ್ತಾ ಹೋದೆ: 50, 40, 30.

ಅವಳು ಎದ್ದು ನಿಂತಳು. "ಸರ್, ಹೀಗಾದರೆ ಏಳನೇ ಮರಕ್ಕೆ ಎತ್ತರವೇ ಉಳಿಯುವುದಿಲ್ಲ. ನಮ್ಮ ತೋಟದಲ್ಲಿ ಸಾಲಿಗೆ ನಲವತ್ತು ಮರ ಇವೆ."

ಗದರಿ ಬೋರ್ಡಿನ ಕಡೆ ತಿರುಗಿದ ಮೇಲೆ ಎದೆ ಧಸಕ್ಕೆಂದಿತು. ಆರನೆಯದು 10, ಏಳನೆಯದು ನೇರ ವ್ಯಾನಿಷಿಂಗ್ ಪಾಯಿಂಟಿನ ಮೇಲೆ. ಬೆರಳ ಸಂದಿಯಲ್ಲಿ ಸೀಮೆಸುಣ್ಣ ಬೆವರಿಗೆ ಮೆತ್ತಗಾಗಿತ್ತು. ಉಳಿದ ಹತ್ತು ನಿಮಿಷ ಸೋಗೆಗೆ ಶೇಡಿಂಗ್ ಮಾಡಿಸಿ ಕಳೆದೆ. ಅವಳು ತಲೆ ಎತ್ತಲಿಲ್ಲ. ಅಧಿಕಾರಿಗಳು 'ಪಾಠ ತೃಪ್ತಿಕರ' ಎಂದು ಬರೆದು ಹೋದರು.

ದೂರ ಹೋದಂತೆ ಮರಗಳ ನಡುವಿನ ಅಂತರವೂ ಕುಗ್ಗಬೇಕು; ನಾನು ಕುಗ್ಗಿಸಿಯೇ ಇರಲಿಲ್ಲ. ಅಂತರವನ್ನು ಅಂದಾಜಿನಲ್ಲಿ ಕುಗ್ಗಿಸುವ ಚಿತ್ರಕಾರರದೂ ತಪ್ಪೆಂದು ಚಿತ್ರಕಲೆಯ ಬಗ್ಗೆ ಪುಸ್ತಕ ಬರೆದ ಇಟಲಿಯ ಆಲ್ಬರ್ಟಿ 1435ರಲ್ಲೇ ಹೇಳಿದ್ದ. ನಾನು ಅದನ್ನು ಪರೀಕ್ಷೆಗೆಂದು ಓದಿಯೂ ಇದ್ದೆ!

ಸಂಜೆ ಗಣಿತದ ಮೇಡಂ ಮುಂದೆ ಹೇಳಿಕೊಂಡೆ. "ಸಮರೂಪ ತ್ರಿಭುಜ ಸರ್. ದೂರ ಎರಡು ಪಟ್ಟಾದರೆ ಎತ್ತರ ಅರ್ಧ, ಮೂರು ಪಟ್ಟಾದರೆ ಮೂರನೇ ಒಂದು" ಎಂದರು. ಪರೀಕ್ಷೆ ಬಂತೆಂದರೆ ನನ್ನ ಪೀರಿಯಡ್ ಗಣಿತಕ್ಕೆ ಹೋಗುತ್ತದೆ. ಇಬ್ಬರಿಗೂ ಸೇರಿಸಿ ಒಂದು ಪೀರಿಯಡ್ ಕೊಡಿ ಎಂದರೆ ಮಾತ್ರ ಟೈಮ್‌ಟೇಬಲ್‌ನಲ್ಲಿ ಜಾಗವಿಲ್ಲ. ಊಟದ ಬಿಡುವಿನಲ್ಲೇ ಮಕ್ಕಳನ್ನು ತೋಟಕ್ಕೆ ಕರೆದುಕೊಂಡು ಹೋಗುವುದೆಂದು ಇಬ್ಬರೂ ತೀರ್ಮಾನಿಸಿದೆವು.

ಮರುದಿನ ತರಗತಿಯ ಎದುರೇ ಅವಳ ಕ್ಷಮೆ ಕೇಳಿದೆ. ಆಮೇಲೆ ಶಾಲೆಯ ಹಿಂದಿನ ತೋಟಕ್ಕೆ ನಡೆದೆವು. ಒಂಬತ್ತು ಅಡಿಗೊಂದು ಮರ, ನೆಲ ಸಮತಟ್ಟು. ಹಳೆಯ ಪಂಚೆ ಹರಿದು, ಪಾಚಿಗಟ್ಟಿದ ಕಾಂಡಗಳಿಗೆ ಐದಡಿ ಎತ್ತರದಲ್ಲಿ ಪಟ್ಟಿ ಕಟ್ಟಿದೆವು. ಮೊದಲ ಮರದಿಂದ ಒಂಬತ್ತು ಅಡಿ ಹಿಂದೆ, ಸಾಲಿಗಿಂತ ತುಸು ಪಕ್ಕಕ್ಕೆ ನಿಂತು, 54 ಸೆಂ.ಮೀ. ದಾರದ ಒಂದು ತುದಿ ಕಣ್ಣಿನ ಬಳಿ, ಇನ್ನೊಂದು ಸ್ಕೇಲಿಗೆ. ಮೊದಲ ಮರ ಬುಡದಿಂದ ಪಟ್ಟಿಯವರೆಗೆ ಸ್ಕೇಲಿನಲ್ಲಿ 30 ಸೆಂ.ಮೀ. ಮುಂದಿನದು 15, ಆಮೇಲೆ 10, ಏಳೂವರೆ. ಕಣ್ಣಿನ ಮಟ್ಟಕ್ಕಿದ್ದ ಪಟ್ಟಿಗಳೆಲ್ಲ ಒಂದೇ ಗೆರೆಯಲ್ಲಿ ಕಂಡವು. ಕಣ್ಣಿನ ಮಟ್ಟದ ಆ ಗೆರೆಗೆ ದಿಗಂತರೇಖೆ ಎಂದು ನಾನು ಹೆಸರು ಹೇಳುವ ಮೊದಲೇ ಮಕ್ಕಳು ಕೂಗಿದರು.

ಅವಳು ಮಾತ್ರ ಸ್ಕೇಲು ಮುಟ್ಟದೆ ಬೆರಳು ಮಡಿಸುತ್ತಿದ್ದಳು. "ಹನ್ನೆರಡನೇ ಮರ ಎರಡೂವರೆ ಬರಬೇಕು ಸರ್."

ದಾರ ಬಿಗಿಹಿಡಿದು ನೋಡಿದೆ. ಎರಡೂವರೆಯೇ ಇತ್ತು.