ಹಾಡೋರೇ ಇಲ್ವಲ್ಲ, ಅದೇನು ಕೇಳ್ತೀರಿ?

ನನ್ನ ಫೋನಿನಲ್ಲಿ ಏನು ಓಡುತ್ತಿದೆ ಅಂತ ಇಣುಕಿ ನೋಡಿದವರೆಲ್ಲ ಇದೇ ಪ್ರಶ್ನೆ ಕೇಳುತ್ತಾರೆ. ನಾನು ಜಾಸ್ತಿ ಕೇಳುವುದು ಬರೀ ವಾದ್ಯ ನುಡಿಸುವ ಬ್ಯಾಂಡ್‌ಗಳನ್ನು. ಅದರಲ್ಲೂ ಸ್ವಿಂಗ್, ಲೌಂಜ್, ಸರ್ಫ್ ಮೂರನ್ನೂ ಬೆರೆಸಿ ನುಡಿಸುವವರು ಸಿಕ್ಕರೆ ಬಿಡುವುದಿಲ್ಲ. ಮೂರೂ ಅಮೆರಿಕದ ಹಳೇ ಶೈಲಿಗಳು. ಸ್ವಿಂಗ್ ಅಂದರೆ 1930-40ರ ದಶಕಗಳಲ್ಲಿ ದೊಡ್ಡ ತಂಡಗಳು ಕುಣಿಯುವವರಿಗಾಗಿ ನುಡಿಸುತ್ತಿದ್ದ ಜಾಝ್. ಲೌಂಜ್ ಅಂದರೆ 50ರ ದಶಕದ ಹೋಟೆಲು, ಬಾರುಗಳ ಮೆತ್ತನೆಯ ಸಂಗೀತ. ಸರ್ಫ್ ಅಂದರೆ 60ರ ದಶಕದ ಶುರುವಿನಲ್ಲಿ ಕ್ಯಾಲಿಫೋರ್ನಿಯಾದ ಕಡಲ ತೀರದಲ್ಲಿ ಎದ್ದ ಗಿಟಾರ್ ಅಬ್ಬರ.

ಮದುವೆ ಮನೆಯ ವಾಲಗದಲ್ಲಿ ಯಾರು ಹಾಡುತ್ತಾರೆ, ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಕಚೇರಿಗೆ ಜನ ಯಾಕೆ ಹೋಗುತ್ತಿದ್ದರು ಅಂತ ತಿರುಗಿ ಕೇಳಬಹುದು. ಆದರೆ ಆ ವಾದ ಪೂರ್ತಿ ನಿಲ್ಲುವುದಿಲ್ಲ. ಅಲ್ಲಿ ನುಡಿಸುವುದು ಹೆಚ್ಚಾಗಿ ಹಾಡುಗಳನ್ನೇ. ಕೇಳುವವರ ತಲೆಯಲ್ಲಿ ಸಾಹಿತ್ಯ ತಾನಾಗಿ ಬರುತ್ತಿರುತ್ತದೆ. ಮಾತೇ ಗೊತ್ತಿಲ್ಲದ ಟ್ಯೂನು ನಮ್ಮನ್ನು ಹೇಗೆ ಹಿಡಿಯುತ್ತದೆ? ಅದಕ್ಕೆ ಉತ್ತರವಾಗಿ ನಾನು ಒಂದೇ ಟ್ಯೂನ್ ಕೇಳಿಸುತ್ತೇನೆ. ಅದರ ಹೆಸರು ಮಿಸಿರ್ಲೂ.

ಇದು ಪೂರ್ವ ಮೆಡಿಟರೇನಿಯನ್ ಕಡೆಯ ಹಳೇ ಧಾಟಿ. ಮೊದಲು ಮಾತಿದ್ದ ಹಾಡೇ. 1927ರಲ್ಲಿ ಟೆಟೋಸ್ ಡಿಮೆಟ್ರಿಯಾಡಿಸ್ ನ್ಯೂಯಾರ್ಕಿನಲ್ಲಿ ಇದನ್ನು ಗ್ರೀಕ್ ಭಾಷೆಯಲ್ಲಿ ಹಾಡಿ ರೆಕಾರ್ಡ್ ಮಾಡಿದ. 1941ರಲ್ಲಿ ಸ್ವಿಂಗ್ ತಂಡದ ಹ್ಯಾರಿ ಜೇಮ್ಸ್ ಟ್ರಂಪೆಟ್‌ಗೆ ಎತ್ತಿಕೊಂಡ. 1958ರಲ್ಲಿ ಹವಾಯಿಯ ಆರ್ಥರ್ ಲೈಮನ್ ವೈಬ್ರಾಫೋನಿನಲ್ಲಿ, ಅಂದರೆ ಲೋಹದ ಪಟ್ಟಿಗಳನ್ನು ಕೋಲಿನಿಂದ ಬಡಿದು ನುಡಿಸುವ ವಾದ್ಯದಲ್ಲಿ, ನುಡಿಸಿದ. ಅದು ಲೌಂಜ್. ಈ ಲೈಮನ್ ಮೊದಲು ಹೊನೊಲುಲುವಿನಲ್ಲಿ ಮಾರ್ಟಿನ್ ಡೆನ್ನಿಯ ತಂಡದಲ್ಲಿದ್ದವನು. ಅವರು ನುಡಿಸುತ್ತಿದ್ದ ಬಯಲು ಬಾರಿನ ಪಕ್ಕ ಒಂದು ಕೊಳ ಇತ್ತಂತೆ. ಸಂಗೀತ ಶುರುವಾದರೆ ಕಪ್ಪೆಗಳೂ ವಟಗುಟ್ಟುತ್ತಿದ್ದವು. ತಂಡದವರು ತಮಾಷೆಗೆ ಹಕ್ಕಿಗಳ ಹಾಗೆ ಕೂಗಿದರು. ಮಾರನೇ ದಿನ ಬಂದವರು ಆ ಕೂಗೇ ಬೇಕು ಅಂದರು! ಆಮೇಲೆ ಹಕ್ಕಿಯ ಕೂಗು ಆ ಶೈಲಿಯ ಗುರುತೇ ಆಗಿಹೋಯಿತು.

1962ರಲ್ಲಿ ಮಿಸಿರ್ಲೂ ಸರ್ಫ್ ಗಿಟಾರ್ ನುಡಿಸುವ ಡಿಕ್ ಡೇಲ್ ಕೈಗೆ ಬಂತು. ಅವನ ಅಪ್ಪನ ಕಡೆಯವರು ಲೆಬನಾನಿನವರು. ಚಿಕ್ಕಪ್ಪ ಊದ್ ಅನ್ನುವ ಅರಬ್ಬರ ತಂತಿವಾದ್ಯ ನುಡಿಸುವುದನ್ನು ಕೇಳಿ ಬೆಳೆದವನು. ಒಂದೇ ತಂತಿಯ ಮೇಲೆ ಒಂದು ಹಾಡು ನುಡಿಸ್ತೀಯಾ ಅಂತ ಒಬ್ಬ ಹುಡುಗ ಕೇಳಿದಾಗ ಈ ಧಾಟಿ ನೆನಪಾಯಿತು ಅಂತ ಡೇಲ್ ಹೇಳಿಕೊಳ್ಳುತ್ತಿದ್ದ. ಅದನ್ನು ವಿಪರೀತ ವೇಗಕ್ಕೆ ಏರಿಸಿದ. ಆ ಬಲಗೈ ಬಡಿತ ಕಲಿತದ್ದು ಗಿಟಾರ್ ನುಡಿಸುವವರಿಂದಲ್ಲ, ಸ್ವಿಂಗ್ ಕಾಲದ ಡ್ರಮ್ಮರ್ ಜೀನ್ ಕ್ರೂಪಾನಿಂದ ಅನ್ನುತ್ತಿದ್ದ. ಜನ ಈ ಮೂರು ಶೈಲಿಗೂ ಸಂಬಂಧವೇ ಇಲ್ಲ ಅಂದಾಗ ನನಗೆ ನಗು ಬರುವುದು ಇದಕ್ಕೇ. ಡೇಲ್ 1961ರಲ್ಲಿ ಹೆಸರು ಮಾಡಿದ್ದು ಕ್ಯಾಲಿಫೋರ್ನಿಯಾದ ಬಾಲ್ಬೋವಾದಲ್ಲಿದ್ದ ರಾಂಡೆವೂ ಬಾಲ್‌ರೂಮ್ ಅನ್ನುವ ಕುಣಿತದ ಹಾಲಿನಲ್ಲಿ. 1941ರ ಬೇಸಿಗೆಯಲ್ಲಿ ಸ್ಟಾನ್ ಕೆಂಟನ್ ತನ್ನ ದೊಡ್ಡ ಸ್ವಿಂಗ್ ತಂಡ ಕಟ್ಟಿಕೊಂಡು ಶುರು ಮಾಡಿದ್ದೂ ಅಲ್ಲೇ. ಅದೇ ಹಾಲ್, ಕುಣಿಯುವವರು ಮಾತ್ರ ಬೇರೆ.

ಸರ್ಫ್ ಗಿಟಾರಿನ ಆ ಒದ್ದೆ ಒದ್ದೆ ದನಿಯ ಕತೆ ಇನ್ನೂ ಮಜವಾಗಿದೆ. ಅದು ಸ್ಪ್ರಿಂಗ್ ರಿವರ್ಬ್. ಒಂದು ಡಬ್ಬಿಯೊಳಗೆ ಉದ್ದನೆಯ ಸ್ಪ್ರಿಂಗ್‌ಗಳು. ಗಿಟಾರಿನ ಸಿಗ್ನಲ್ ಅದನ್ನು ಒಂದು ತುದಿಯಲ್ಲಿ ಅಲುಗಿಸುತ್ತದೆ, ಇನ್ನೊಂದು ತುದಿಯಲ್ಲಿ ಆ ಅಲುಗಾಟ ಮತ್ತೆ ಸಿಗ್ನಲ್ ಆಗುತ್ತದೆ. ನಡುವೆ ಕಂಪನ ಹಿಂದಕ್ಕೂ ಮುಂದಕ್ಕೂ ಓಡಾಡಿ ದನಿ ಬಚ್ಚಲುಮನೆಯಲ್ಲಿ ಹಾಡಿದ ಹಾಗೆ ಮೊಳಗುತ್ತದೆ. ಡೇಲ್ ಇದನ್ನು ಮೊದಲು ಬಯಸಿದ್ದು ಗಿಟಾರಿಗಲ್ಲ, ತನ್ನ ಗಂಟಲಿಗೆ. ಹಾಡುವಾಗ ದನಿ ಎಳೆದು ನಿಲ್ಲಲಿ ಅಂತ. ಅಂದರೆ ಹಾಡುಗಾರನಿಗೆ ತಂದದ್ದು ಗಿಟಾರಿನ ಪಾಲಾಯಿತು.

ಈಗ ನಮ್ಮ ಕಿವಿಯ ವಿಷಯ. ಮಿಸಿರ್ಲೂ ಬಳಸುವ ಸ್ವರಗಳನ್ನು ಕೆಳಗಿನಿಂದ ಮೇಲಕ್ಕೆ ಜೋಡಿಸಿ ನೋಡಿ. ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ, ಪಂಚಮ, ಶುದ್ಧ ಧೈವತ, ಕಾಕಲಿ ನಿಷಾದ. ಮಾಯಾಮಾಳವಗೌಳ ರಾಗ! ಸರಳೆ ವರಸೆ ಕಲಿತವರಿಗೆಲ್ಲ ಇದು ಮೊದಲ ಪಾಠ. ಪುರಂದರದಾಸರು ಹಾಕಿಕೊಟ್ಟ ಪಾಠ ಅಂತಲೇ ಹೇಳುತ್ತಾರೆ. ಹಾಗಂತ ಡಿಕ್ ಡೇಲ್ ಕರ್ನಾಟಕ ಸಂಗೀತ ನುಡಿಸಿದ ಅಂತ ದಯವಿಟ್ಟು ವಾಟ್ಸಾಪ್‌ನಲ್ಲಿ ಹಬ್ಬಿಸಬೇಡಿ. ಸ್ವರವನ್ನು ತೂಗಿಸುವ ಗಮಕ ಇಲ್ಲ, ರಾಗದ ನಡೆ ಇಲ್ಲ. ಸ್ವರಗಳಷ್ಟೇ ಒಂದೇ. ಆದರೂ ರಿಷಭದಿಂದ ಗಾಂಧಾರಕ್ಕೆ ಇರುವ ಆ ದೊಡ್ಡ ನೆಗೆತ ನಮ್ಮ ಕಿವಿಗೆ ಮೊದಲೇ ಗೊತ್ತು. ನಾನು ಇದನ್ನು ಕೇಳುವಾಗ ಮಾತು ಹುಡುಕುವುದಿಲ್ಲ. ದನಿ ಯಾವ ಸ್ವರದಲ್ಲಿ ನಿಲ್ಲುತ್ತದೆ, ಎಲ್ಲಿಂದ ಜಾರುತ್ತದೆ ಅಂತ ಹಿಂಬಾಲಿಸುತ್ತೇನೆ. ಕೇಳುವುದು ಅದನ್ನೇ.

ಶುರು ಮಾಡುವವರು ಲೈಮನ್ ನುಡಿಸಿದ್ದನ್ನು ಮೊದಲು ಕೇಳಿ, ಆಮೇಲೆ ಡೇಲ್. ಮಧ್ಯೆ ಟ್ರಂಪೆಟ್ ಬರುತ್ತದೆ, ಗಮನಿಸಿ. ಆಮೇಲೆ ಲಾಸ್ ಸ್ಟ್ರೇಟ್‌ಜಾಕೆಟ್ಸ್. ಹಾಡುಗಾರರ ಊರಾದ ನ್ಯಾಶ್ವಿಲ್‌ನಲ್ಲೇ ಹುಟ್ಟಿದ, ಗಿಟಾರ್‌ಗಳದ್ದೇ ರಾಜ್ಯಭಾರ ಇರುವ ಬ್ಯಾಂಡ್ ಅದು. ಮೆಕ್ಸಿಕೋದ ಕುಸ್ತಿಪಟುಗಳ ಮುಖವಾಡ ಹಾಕಿಕೊಂಡು ನುಡಿಸುತ್ತಾರೆ. ಹಾಡೋರೂ ಇಲ್ಲ, ಮುಖಾನೂ ಕಾಣಲ್ಲ. ನಡುನಡುವೆ ಮೈಕ್ ಹಿಡಿದು ಜನರ ಜೊತೆ ಮಾತಾಡುತ್ತಾರೆ ನಿಜ, ಅದೂ ಸ್ಪ್ಯಾನಿಷ್‌ನಲ್ಲಿ.